ಚೀಟಿಯಲ್ಲಿ ಬರೆದದ್ದು, ಬರೆಯದೆ ಬಿಟ್ಟದ್ದು

ಎಂಜಿನ್ ಬಿಚ್ಚಿದ ಮೇಸ್ತ್ರಿ ಯಾವ ಯಾವ ಸಾಮಾನು ಬೇಕೆಂದು ಬರೆದು ಕಳಿಸುವ ಚೀಟಿಗಳನ್ನು ನಮ್ಮ ಮನೆಯಲ್ಲಿ ಯಾರೂ ಎಸೆದಿಲ್ಲ. ಜಹೀರಾಬಾದಿನ ಹೆದ್ದಾರಿ ಬದಿಯ ನಮ್ಮ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಅಪ್ಪ ಅವನ್ನು ತಂತಿಗೆ ಚುಚ್ಚಿ ಇಡುತ್ತಿದ್ದರು. ಉದ್ರಿ ಲೆಕ್ಕಕ್ಕೆ ಅದೇ ಸಾಕ್ಷಿ. ತಂತಿ ತುಂಬಿದರೆ ದಾರ ಕಟ್ಟಿ ತಗಡಿನ ಡಬ್ಬಿಗೆ ಹಾಕುವರು. ಸಿಗರೇಟು ಪ್ಯಾಕಿನ ಒಳಮೈ, ಗ್ಯಾಸ್ಕೆಟ್ ಬಂದ ರಟ್ಟು, ಮಕ್ಕಳ ಮಗ್ಗಿ ಪುಸ್ತಕದ ಹಾಳೆ, ಕೈಗೆ ಸಿಕ್ಕಿದ್ದರ ಮೇಲೆ ಬರೆದವು. ಹಳೆಯವು ಉರ್ದುವಿನಲ್ಲಿವೆ, ಆಮೇಲಿನವು ತೆಲುಗಿನಲ್ಲಿ, ಬೀದರ್ ಕಡೆಯಿಂದ ಬಂದವು ಕನ್ನಡದಲ್ಲಿ. ಎಲ್ಲದರ ಮೇಲೂ ಎಣ್ಣೆಗೈ ಹೆಬ್ಬೆರಳಿನ ಗುರುತು ಇದೆ. ಅಂಗಡಿ ನನ್ನ ಕೈಗೆ ಬಂದ ಮೇಲೆ ನಾನೂ ಆ ಪದ್ಧತಿ ಬಿಟ್ಟಿಲ್ಲ.

ಬಹಳ ಓಡಿದ ಗಾಡಿಯ ಎಂಜಿನ್ ಬಿಚ್ಚಿದಾಗ ಯಾವುದನ್ನು ಬದಲಿಸಬೇಕು, ಯಾವುದನ್ನು ಹಾಗೇ ಬಿಡಬೇಕು ಎಂಬ ತೀರ್ಮಾನ ಈ ಗಡಿಸೀಮೆಯಲ್ಲಿ ಹೇಗೆ ಹೇಗೆ ಬದಲಾಗುತ್ತ ಬಂತು ಎಂಬುದಕ್ಕೆ ಈ ಚೀಟಿಗಳಿಗಿಂತ ಒಳ್ಳೆಯ ದಾಖಲೆ ನನಗೆ ಕಂಡಿಲ್ಲ. ಸಾಮಾನು ಮಾರಿಯೇ ಹೊಟ್ಟೆ ಹೊರೆದವನು ನಾನು. ಚೀಟಿ ಉದ್ದವಾದಷ್ಟೂ ನನಗೇ ಲಾಭ. ಆದರೂ ಹೇಳುತ್ತೇನೆ, ಈ ಕಸುಬಿನ ದೊಡ್ಡ ವಿದ್ಯೆ ಇದ್ದದ್ದು ಹಾಗೇ ಬಿಡುವುದರಲ್ಲಿ. ಯಾವ ಸಾಮಾನು ಇನ್ನೂ ಒಂದು ಲಕ್ಷ ಕಿಲೋಮೀಟರ್ ಬರುತ್ತದೆ ಎಂದು ಅಳೆದು ನೋಡಿ, ಧೈರ್ಯದಿಂದ ಅದನ್ನು ವಾಪಸು ಜೋಡಿಸುವ ಮೇಸ್ತ್ರಿಗೆ ನಮ್ಮ ತಂದೆ ಎದ್ದು ನಿಂತು ಕುರ್ಚಿ ಕೊಡುತ್ತಿದ್ದರು.

ಅಪ್ಪ ಅಂಗಡಿ ಇಡುವ ಮುಂಚೆ ಬಸ್ ಡಿಪೋದಲ್ಲಿ ಫಿಟ್ಟರ್ ಆಗಿದ್ದವರು. ನಿಜಾಮರ ರಾಜ್ಯದಲ್ಲಿ ಸರ್ಕಾರಿ ಬಸ್ಸು ಶುರುವಾದದ್ದು 1932ರ ಜೂನ್‌ನಲ್ಲಿ. ನಿಜಾಮ್ ಸ್ಟೇಟ್ ರೈಲ್ವೆಯೇ ರಸ್ತೆ ಸಾರಿಗೆ ವಿಭಾಗ ತೆರೆದು 27 ಬಸ್ಸು, 166 ನೌಕರರೊಂದಿಗೆ ಕೆಲಸ ಹಿಡಿಯಿತು. ಬಸ್ಸುಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದ ಆಲ್ಬಿಯನ್ ಕಂಪನಿಯವು. ಒಂದು ಸಾಮಾನು ಬೇಕಾದರೆ ಹಡಗಿನಲ್ಲಿ ಬರಬೇಕು. ಎರಡನೆಯ ಮಹಾಯುದ್ಧ ಹತ್ತಿಕೊಂಡಾಗ ಹಡಗೂ ಇಲ್ಲ, ಪೆಟ್ರೋಲೂ ಇಲ್ಲ; ದೇಶದ ಎಷ್ಟೋ ಕಡೆ ಬಸ್ಸುಗಳ ಬೆನ್ನಿಗೆ ಒಲೆ ಕಟ್ಟಿ ಇದ್ದಿಲಿನ ಗ್ಯಾಸಿನ ಮೇಲೆ ಓಡಿಸಿದರು. ಅಂಥ ಕಾಲದಲ್ಲಿ ಬದಲಿಸುವುದು ಎಂಬ ಮಾತಿಗೆ ಅರ್ಥವೇ ಇರಲಿಲ್ಲ. ಬೇರಿಂಗ್ ಹೋದರೆ ಹಳೆಯ ಬಿಳಿ ಲೋಹವನ್ನು ಕರಗಿಸಿ ತೆಗೆದು, ತವರ, ಆಂಟಿಮನಿ, ತಾಮ್ರ ಬೆರೆಸಿದ ಹೊಸ ಲೋಹ ಎರಕ ಹೊಯ್ಯುವರು. ಕ್ರ್ಯಾಂಕಿಗೆ ನೀಲಿ ಬಣ್ಣ ಸವರಿ, ಬೇರಿಂಗಿಗೆ ಕೂಡಿಸಿ ಒಂದು ಸುತ್ತು ತಿರುಗಿಸಿ ತೆಗೆದರೆ ಎತ್ತರ ಇದ್ದಲ್ಲಿ ನೀಲಿ ಹತ್ತಿರುತ್ತದೆ. ಅಲ್ಲಿ ಮಾತ್ರ ಸ್ಕ್ರೇಪರಿನಿಂದ ಕೆರೆಯುವುದು, ಮತ್ತೆ ಕೂಡಿಸುವುದು, ಮತ್ತೆ ಕೆರೆಯುವುದು. ಒಂದು ಬೇರಿಂಗಿಗೆ ಇಡೀ ದಿನ ಹೋಗುತ್ತಿತ್ತು. ಅಪ್ಪ ಹುಡುಗನಾಗಿದ್ದಾಗ ಕಲಿತದ್ದು ಈ ಕೆಲಸ. ಎಷ್ಟು ಸವೆದಿದೆ ಎಂದು ತಿಳಿಯದೆ ಯಾವುದನ್ನೂ ಕೀಳಬೇಡ ಎನ್ನುವ ಅವರ ಹಟ ಅಲ್ಲಿಂದಲೇ ಬಂದದ್ದು.

ನಂತರ 1956ರ ನವೆಂಬರ್ 1 ಬಂತು. ಅಲ್ಲಿಯವರೆಗೆ ಜಹೀರಾಬಾದ್, ನಾರಾಯಣಖೇಡ ಎರಡೂ ಬೀದರ್ ಜಿಲ್ಲೆಯವು, ತಾಂಡೂರು ಗುಲ್ಬರ್ಗಾ ಜಿಲ್ಲೆಯದು. ಹೈದರಾಬಾದ್ ರಾಜ್ಯ ಮೂರು ಪಾಲಾದಾಗ ನಿರ್ಣಾ ಭಾಗ ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ನ್ಯಾಲಕಲ್, ನಾರಾಯಣಖೇಡ, ತಾಂಡೂರು, ಕೊಡಂಗಲ್ ಆಂಧ್ರಪ್ರದೇಶಕ್ಕೆ ಸೇರಿದವು. ಬೀದರ್, ಗುಲ್ಬರ್ಗಾ ಮೈಸೂರು ರಾಜ್ಯಕ್ಕೆ. ನೆಂಟಸ್ತನ, ಸಂತೆ, ಜಾತ್ರೆ ಯಾವುದೂ ನಿಲ್ಲಲಿಲ್ಲ. ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ ಇಂದಿಗೂ ಕನ್ನಡದವರು, ಮರಾಠಿಯವರು, ತೆಲುಗರು ಒಟ್ಟಿಗೇ ಬರುತ್ತಾರೆ. ಆದರೆ ಗಾಡಿಯ ಸಾಮಾನಿಗೆ ಗಡಿ ಬಿತ್ತು. ಎರಡು ರಾಜ್ಯಗಳ ಮಾರಾಟ ತೆರಿಗೆ ಬೇರೆ, ಚೆಕ್‌ಪೋಸ್ಟ್ ನಡುವೆ. ಒಂದೇ ಕಂಪನಿಯ ರಿಂಗ್ ಸೆಟ್ಟಿಗೆ ಬೀದರಿನಲ್ಲಿ ಒಂದು ದರ, ನಮ್ಮಲ್ಲಿ ಇನ್ನೊಂದು. ಸಿಲಿಂಡರ್ ಕೊರೆಸುವ ಬೋರಿಂಗ್ ಕೆಲಸಕ್ಕೆ ಮೂವತ್ತು ಕಿಲೋಮೀಟರ್ ದೂರದ ಬೀದರಿಗೆ ಹೋಗುವುದೋ, ನೂರು ಕಿಲೋಮೀಟರ್ ದಾಟಿ ಹೈದರಾಬಾದಿಗೆ ಹೋಗುವುದೋ ಎಂಬ ಲೆಕ್ಕ ಪ್ರತಿ ಎಂಜಿನ್ನಿಗೂ ಇರುತ್ತಿತ್ತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ಆ ತಾಪತ್ರಯ ತಪ್ಪಿತು.

ಅರವತ್ತು, ಎಪ್ಪತ್ತರ ದಶಕದ ಚೀಟಿಗಳಲ್ಲಿ ಹೆಚ್ಚಾಗಿ ಕಾಣುವುದು ಅಂಬಾಸಡರ್, ಫಿಯಟ್, ಮಹೀಂದ್ರ ಜೀಪು, ಟಾಟಾ ಲಾರಿ. ಹೊಸ ಕಾರು ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಾದ ಕಾಲ. ಇದ್ದ ಗಾಡಿಯನ್ನೇ ಓಡಿಸಬೇಕು. ಆ ಚೀಟಿಗಳಲ್ಲಿ ಪಿಸ್ಟನ್ ಎಂದು ಬರೆದರೆ ಮುಂದೆ ಒಂದು ಅಂಕಿ ಇರಲೇಬೇಕು: ಹತ್ತು, ಇಪ್ಪತ್ತು, ಮೂವತ್ತು, ನಲವತ್ತು. ಇಂಚಿನ ಸಾವಿರದ ಒಂದು ಪಾಲು ಒಂದು ಥೌ. ಹತ್ತು ಥೌ ಎಂದರೆ ಕಾಲು ಮಿಲಿಮೀಟರಿನಷ್ಟು. ಸಿಲಿಂಡರ್ ಸವೆದು ಅಂಡಾಕಾರವಾದಾಗ ಬೋರಿಂಗ್ ಮಿಷನ್ನಿನಲ್ಲಿ ಅದನ್ನು ಹತ್ತು ಥೌ ದೊಡ್ಡದಾಗಿ ಕೊರೆದು ಹತ್ತರ ಪಿಸ್ಟನ್ ಹಾಕುತ್ತಾರೆ. ಮುಂದಿನ ಸಲ ಇಪ್ಪತ್ತು. ಅಂಬಾಸಡರಿನ 1489 ಸಿಸಿ ಎಂಜಿನ್ನಿನ ಬೋರು 73 ಮಿಲಿಮೀಟರ್. ನಲವತ್ತರವರೆಗೆ ಕೊರೆದ ಮೇಲೆ ಸ್ಲೀವ್ ಕೂಡಿಸಿ ಮತ್ತೆ ಮೊದಲ ಅಳತೆಗೆ ತರುವುದು. ಅಲ್ಲಿಂದ ಎಣಿಕೆ ಹೊಸದಾಗಿ ಶುರು. ಕ್ರ್ಯಾಂಕಿಗೂ ಹೀಗೆಯೇ, ತಿರುವುಮುರುವಾಗಿ: ಗ್ರೈಂಡ್ ಮಾಡಿದಷ್ಟೂ ಸಣ್ಣದು, ಅದಕ್ಕೆ ತಕ್ಕ ದಪ್ಪನೆಯ ಬೇರಿಂಗ್. ಒಂದೇ ಎಂಜಿನ್ನಿನ ಚೀಟಿಗಳನ್ನು ವರ್ಷದ ಪ್ರಕಾರ ಜೋಡಿಸಿದರೆ ಹತ್ತು, ಇಪ್ಪತ್ತು, ಮೂವತ್ತು ಎಂದು ಅದರ ಜಾತಕವೇ ಸಿಗುತ್ತದೆ.

ಕೊರೆಯಬೇಕೋ, ಬರೀ ರಿಂಗ್ ಬದಲಿಸಿದರೆ ಸಾಕೋ? ಇದೇ ಅಂದಿನ ದೊಡ್ಡ ಪ್ರಶ್ನೆ. ಒಮ್ಮೆ ಕೊರೆದರೆ ಎಂಜಿನ್ನಿನ ಆಯುಷ್ಯದ ಒಂದು ಮೆಟ್ಟಿಲು ಖರ್ಚಾದಂತೆಯೇ. ಬೋರ್ ಡಯಲ್ ಗೇಜ್ ಇಲ್ಲದ ಊರಿನಲ್ಲಿ ನಮ್ಮ ಮೇಸ್ತ್ರಿಗಳು ಅಳೆಯುತ್ತಿದ್ದ ರೀತಿಯನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಒಂದು ರಿಂಗನ್ನು ಸಿಲಿಂಡರಿನೊಳಗೆ ಇಟ್ಟು, ಪಿಸ್ಟನ್ನಿನ ತಲೆಯಿಂದ ನೇರವಾಗಿ ತಳ್ಳುತ್ತಾರೆ, ಅಡ್ಡವಾಗಬಾರದು. ಮೇಲ್ಗಡೆ, ಅಂದರೆ ಅತಿ ಹೆಚ್ಚು ಸವೆಯುವ ಜಾಗದಲ್ಲಿ ರಿಂಗಿನ ಎರಡು ತುದಿಗಳ ನಡುವಿನ ಸಂದಿಗೆ ಫೀಲರ್ ಗೇಜ್ ತೂರಿಸಿ ನೋಡುತ್ತಾರೆ, 0.75 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಆಮೇಲೆ ರಿಂಗನ್ನು ತೀರ ಕೆಳಕ್ಕೆ, ಪಿಸ್ಟನ್ ರಿಂಗ್ ಮುಟ್ಟದ ಜಾಗಕ್ಕೆ ತಳ್ಳುತ್ತಾರೆ, ಅಲ್ಲಿ 0.30. ವ್ಯತ್ಯಾಸ 0.45. ಅದನ್ನು 3.14ರಿಂದ ಭಾಗಿಸಿದರೆ ಸಿಲಿಂಡರಿನ ವ್ಯಾಸ ಮೇಲೆ 0.14 ಮಿಲಿಮೀಟರ್ ಹಿಗ್ಗಿದೆ ಎಂದು ಗೊತ್ತಾಗುತ್ತದೆ. 0.10 ದಾಟಿದರೆ ಕೊರೆಯಲೇಬೇಕು, ಹೊಸ ರಿಂಗ್ ಹಾಕಿದರೂ ನಿಲ್ಲುವುದಿಲ್ಲ. 0.05 ಇದ್ದರೆ ರಿಂಗ್ ಸಾಕು, ಆದರೆ ಸಿಲಿಂಡರಿನ ಮೇಲಂಚಿನಲ್ಲಿ ಸವೆಯದೆ ಉಳಿದ ದಡೆಯನ್ನು ಮೊದಲು ಕೆರೆದು ತೆಗೆಯಬೇಕು. ತೆಗೆಯದಿದ್ದರೆ ಹೊಸ ರಿಂಗಿನ ಚೂಪಾದ ಅಂಚು ಆ ದಡೆಗೆ ಬಡಿದು ಮುರಿಯುತ್ತದೆ. ಕ್ರ್ಯಾಂಕಿಗೆ ಇನ್ನೂ ಸರಳ ಪರೀಕ್ಷೆ. ಹೆಬ್ಬೆರಳಿನ ಉಗುರನ್ನು ಅದರ ಮೈಮೇಲೆ ಅಡ್ಡಲಾಗಿ ಎಳೆಯುವುದು. ಉಗುರು ಗೀರಿಗೆ ಸಿಕ್ಕಿಕೊಂಡರೆ ಗ್ರೈಂಡಿಂಗ್, ಜಾರಿದರೆ ಬೇರಿಂಗ್ ಬದಲಿಸಿ ಮುಚ್ಚುವುದು.

ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಹಾಕಿ ವಾಲ್ವ್ ಕೂಡಿಸಿದರೆ ಹಾಫ್ ಎಂಜಿನ್ ಕೆಲಸ. ಬೋರು, ಪಿಸ್ಟನ್, ಕ್ರ್ಯಾಂಕ್ ಗ್ರೈಂಡಿಂಗ್ ಎಲ್ಲ ಸೇರಿದರೆ ಫುಲ್ ಎಂಜಿನ್. ಗಾಡಿ ಮಾಲೀಕ ಕೌಂಟರಿನ ಮುಂದೆ ನಿಂತು ಕೇಳುವ ಮಾತು ಇವತ್ತಿಗೂ ಅದೇ:

"ಸಾವ್ಕಾರ್ರೆ, ಬಿಚ್ಚಿದ್ ಮ್ಯಾಲ ಎಲ್ಲಾ ಹೊಸದ್ ಹಾಕಿಬಿಡ್ರಿ ಅಂತಾನ ಮೇಸ್ತ್ರಿ. ಅಷ್ಟು ರೊಕ್ಕ ಎಲ್ಲಿಂದ ತರ್ಲಿ?"

"ಗಾಡಿ ಇನ್ನಾ ಎಷ್ಟು ವರ್ಷ ಇಟ್ಕೋತಿ ತಮ್ಮಾ? ಎಲ್ಲಿಂದ ಎಲ್ಲಿಗಿ ಹೊಡಿತಿ? ಮೊದ್ಲ ಅದು ಹೇಳು."

ಎಲ್ಲಿಂದ ಎಲ್ಲಿಗೆ ಎಂದು ಕೇಳುವುದು ಸುಮ್ಮನೆ ಅಲ್ಲ. ನಮ್ಮ ಮೂರು ಊರುಗಳ ಗಾಡಿಗಳು ಸವೆಯುವುದೇ ಬೇರೆ ಬೇರೆ ಥರ.

ತಾಂಡೂರಿನ ಗಾಡಿ ಧೂಳಿನಿಂದ ಸಾಯುತ್ತದೆ. ವಾಡಿಯಿಂದ ಹೈದರಾಬಾದ್ ಕಡೆಗೆ 1874ರಲ್ಲಿ ತೆರೆದ ರೈಲುದಾರಿಯ ಮೇಲಿನ ಊರು ಅದು. ಸುತ್ತ ಕಲ್ಲಿನ ಗಣಿ, ಪಾಲಿಶ್ ಮಿಷನ್ನು, ಸಿಮೆಂಟ್ ಕಾರ್ಖಾನೆ. ನಮ್ಮ ಮನೆಗಳ ನೆಲಕ್ಕೆ ಹಾಸಿದ ನೀಲಿ ಚಪ್ಪಡಿ, ಶಹಾಬಾದ್ ಕಲ್ಲಿನ ಒಡಹುಟ್ಟಿದ್ದು, ಅಲ್ಲಿಯದೇ. ಗಣಿಯ ದಾರಿಯಲ್ಲಿ ಲಾರಿಗಳ ಹಿಂದೆ ಓಡುವ ಜೀಪು, ಕಾರು ದಿನವಿಡೀ ಆ ಬಿಳಿ ಹುಡಿಯನ್ನೇ ಉಸಿರಾಡುತ್ತವೆ. ಅಲ್ಲಿಂದ ಬಂದ ಎಂಜಿನ್ ಬಿಚ್ಚಿದರೆ ಒಂದು ವಿಶೇಷ ಕಾಣುತ್ತದೆ. ಗಾಳಿಯ ದಾರಿಯಿಂದ ಬಂದ ಧೂಳು ಮೊದಲ ರಿಂಗನ್ನೂ ಸಿಲಿಂಡರಿನ ಮೇಲ್ಭಾಗವನ್ನೂ ತಿಂದಿರುತ್ತದೆ, ಕೆಳಗಿನ ಬೇರಿಂಗ್ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ಕೊಳೆ ಎಣ್ಣೆಯಲ್ಲಿದ್ದರೆ ಇದಕ್ಕೆ ತಿರುಗಾಮುರುಗಾ: ಬೇರಿಂಗ್ ಮೊದಲು ಹೋಗುತ್ತದೆ. ಹಾಗಾಗಿ ತಾಂಡೂರಿನ ಚೀಟಿಯಲ್ಲಿ ಪಿಸ್ಟನ್, ರಿಂಗ್ ಇದ್ದು ಏರ್ ಫಿಲ್ಟರಿನ ರಬ್ಬರ್ ಹೋಸ್, ಕ್ಲಿಪ್ಪು ಇಲ್ಲದಿದ್ದರೆ ನಾನು ಮೇಸ್ತ್ರಿಗೆ ಫೋನು ಮಾಡುತ್ತೇನೆ. ಬಿರುಕುಬಿಟ್ಟ ಹೋಸಿನಿಂದ ಫಿಲ್ಟರ್ ತಪ್ಪಿಸಿ ನುಗ್ಗುವ ಧೂಳೇ ಮೊದಲ ಎಂಜಿನ್ನನ್ನು ಕೊಂದದ್ದು, ಎರಡನೆಯದನ್ನೂ ಅದೇ ಕೊಲ್ಲುತ್ತದೆ. ಕಡಿಮೆ ಬೆಲೆಯ ಆ ಹೋಸು ಬಿಟ್ಟುಹೋಗಿ ವರ್ಷದೊಳಗೆ ಮತ್ತೆ ಬಿಚ್ಚಿದ ಎಂಜಿನ್‌ಗಳು ನಮ್ಮ ಡಬ್ಬಿಯ ಚೀಟಿಗಳಲ್ಲಿವೆ.

ನಾರಾಯಣಖೇಡದ್ದು ಬೇರೆ ಕಥೆ. ಅಲ್ಲಿಗೆ ರೈಲಿಲ್ಲ. ಹಳ್ಳಿಗಳಿಂದ ಜನರನ್ನು, ಕಬ್ಬು ಕಡಿಯಲು ದೂರ ಹೋಗುವ ಕುಟುಂಬಗಳನ್ನು, ಸಂತೆಯ ಮೂಟೆಗಳನ್ನು ಹೊತ್ತದ್ದು ಜೀಪುಗಳು, ಅದರಲ್ಲೂ ಮಹೀಂದ್ರ ಕಮಾಂಡರ್. ಒಳಗೆ ಕೂತಷ್ಟೇ ಜನ ಹೊರಗೆ ನಿಂತು ಹೋಗುತ್ತಿದ್ದರು. ಆ ಭಾರಕ್ಕೆ, ಏರುದಾರಿಗೆ, ಬೇಸಿಗೆಯ ಬಿಸಿಲಿಗೆ ಎಂಜಿನ್ ಕುದಿಯುತ್ತಿತ್ತು. ಅಲ್ಲಿಯ ಚೀಟಿ ಎಂದರೆ ಹೆಡ್ ಗ್ಯಾಸ್ಕೆಟ್, ವಾಟರ್ ಪಂಪ್, ರೇಡಿಯೇಟರ್ ಹೋಸ್. ಮಹೀಂದ್ರದವರು 1979ರಲ್ಲಿ ಪೂಜೋ ಕಂಪನಿಯಿಂದ ಪರವಾನಗಿ ಪಡೆದು ಮಾಡಿದ ಡೀಸೆಲ್ ಎಂಜಿನ್ನಿಗೆ ನೀರಿನೊಳಗೆ ನಿಲ್ಲುವ ವೆಟ್ ಲೈನರ್. ಲೈನರ್ ಬ್ಲಾಕಿನ ಮೇಲ್ಮೈಗಿಂತ ಕೂದಲೆಳೆಯಷ್ಟು ಎತ್ತರಕ್ಕೆ ನಿಂತರೆ ಮಾತ್ರ ಗ್ಯಾಸ್ಕೆಟ್ ಬಿಗಿಯಾಗಿ ಕೂಡುತ್ತದೆ. ಕುದಿದು ಕುದಿದು ಲೈನರ್ ಕೂತ ಜಾಗ ತಿಂದುಹೋಗಿ ಅದು ಕೆಳಗಿಳಿದರೆ ಎಷ್ಟು ಗ್ಯಾಸ್ಕೆಟ್ ಬದಲಿಸಿದರೂ ಹಾರುತ್ತದೆ. ಗ್ಯಾಸ್ಕೆಟ್ಟಿಗೆಂದು ಒಂದೇ ಗಾಡಿಯಿಂದ ಮತ್ತೆ ಮತ್ತೆ ಚೀಟಿ ಬಂದರೆ ಅಪ್ಪ ಸಾಮಾನು ಕೊಡುತ್ತಿರಲಿಲ್ಲ. ಸ್ಟೀಲ್ ಪಟ್ಟಿ ಅಡ್ಡ ಇಟ್ಟು ಲೈನರ್ ನೋಡು, ಆಮೇಲೆ ಬಾ ಎನ್ನುತ್ತಿದ್ದರು. ಇನ್ನೊಂದು ಚಟ ಆ ಕಡೆ ಇತ್ತು, ಈಗಲೂ ಇದೆ: ಬಿಸಿಯಾಗುತ್ತದೆಂದು ಥರ್ಮೋಸ್ಟಾಟ್ ಕಿತ್ತುಹಾಕುವುದು. ಕಿತ್ತರೆ ಮುಳ್ಳು ಕೆಳಗೆ ಬರುತ್ತದೆ, ಮಾಲೀಕನಿಗೆ ಸಮಾಧಾನ. ಆದರೆ ಎಂಜಿನ್ ಎಂದೂ ಸರಿಯಾಗಿ ಬಿಸಿಯೇರದೆ ಹಸಿ ಇಂಧನ ಎಣ್ಣೆಯನ್ನು ತೊಳೆದು ಸಿಲಿಂಡರ್ ಸವೆಯುತ್ತದೆ. ರಿಪೇರಿಗೆ ನಲವತ್ತೈವತ್ತು ಕಿಲೋಮೀಟರ್ ಎಳೆದು ತರಬೇಕಾದ ಊರಿಗೆ ನನ್ನ ಸಲಹೆ ಯಾವಾಗಲೂ ಒಂದೇ. ದಾರಿಯಲ್ಲಿ ನಿಲ್ಲಿಸುವಂಥ ಸಾಮಾನನ್ನು, ಹೋಸು, ಬೆಲ್ಟು, ವಾಟರ್ ಪಂಪುಗಳನ್ನು, ಚೆನ್ನಾಗಿ ಕಂಡರೂ ಬದಲಿಸು. ನಿಧಾನ ಸವೆಯುವುದನ್ನು ಅಳೆದು ಬಿಡು.

ಜಹೀರಾಬಾದಿನದು ಹೆದ್ದಾರಿಯ ಗಾಡಿ. ಹಿಂದೆ ರಾಷ್ಟ್ರೀಯ ಹೆದ್ದಾರಿ 9, ಈಗ 65. ಪುಣೆ, ಸೊಲ್ಲಾಪುರ, ಹುಮನಾಬಾದ್ ದಾಟಿ ಹೈದರಾಬಾದಿಗೆ ಹೋಗುವ ದಾರಿ. ಇಲ್ಲಿ ಕಿಲೋಮೀಟರ್ ಬಹಳ, ಸವೆತ ಕಡಿಮೆ. ಎರಡು ಲಕ್ಷ ಓಡಿದ ಹೆದ್ದಾರಿ ಗಾಡಿಯ ಎಂಜಿನ್ ಎಂಬತ್ತು ಸಾವಿರ ಓಡಿದ ಗಣಿಗಾಡಿಯದಕ್ಕಿಂತ ಚೊಕ್ಕವಾಗಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮೀಟರ್ ನೋಡಿ ಚೀಟಿ ಬರೆಯುವವರನ್ನು ನಾನು ನಂಬದಿರುವುದು ಅದಕ್ಕೇ.

ನಮ್ಮೂರಿಗೆ ಒಂದು ಕಾರ್ಖಾನೆಯೂ ಬಂತು. 1942ರಲ್ಲಿ ಹುಟ್ಟಿ ಬಸ್ಸಿನ ಬಾಡಿ, ಫ್ರಿಜ್ಜು, ಬೀರು ಮಾಡುತ್ತಿದ್ದ ಹೈದರಾಬಾದ್ ಆಲ್ವಿನ್ ಜಪಾನಿನ ನಿಸ್ಸಾನ್ ಜೊತೆ ಸೇರಿ 80ರ ದಶಕದ ನಡುವಿನಲ್ಲಿ ಜಹೀರಾಬಾದಿನಲ್ಲಿ ಆಲ್ವಿನ್ ನಿಸ್ಸಾನ್ ಶುರು ಮಾಡಿತು. ಕ್ಯಾಬ್‌ಸ್ಟಾರ್ ಎಂಬ ಸಣ್ಣ ಲಾರಿ ಅಲ್ಲಿ ತಯಾರಾಯಿತು. ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ, ಡಿಸಿಎಂ ಟೊಯೊಟಾ ಅದರ ಓರಗೆಯವು. ಮೇಸ್ತ್ರಿಗಳ ಕಣ್ಣು ಅರಳಿದ ಕಾಲ. ಎಂಜಿನ್ ಅಷ್ಟು ಮೆತ್ತಗೆ ಓಡುವುದನ್ನು ನಮ್ಮವರು ಮೊದಲು ಕೇಳಿರಲಿಲ್ಲ. ಆದರೆ 1985ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಐದು ದೇಶಗಳು ಡಾಲರನ್ನು ಇಳಿಸುವ ಒಪ್ಪಂದ ಮಾಡಿಕೊಂಡವು. ಡಾಲರಿಗೆ 240ರ ಆಸುಪಾಸು ಇದ್ದ ಯೆನ್ ಎರಡು ವರ್ಷದಲ್ಲಿ 150ಕ್ಕಿಂತ ಕೆಳಗೆ ಬಂತು. ಜಪಾನಿನಿಂದ ಬರುವ ಪ್ರತಿ ಸಾಮಾನೂ ದುಬಾರಿಯಾಯಿತು, ನಾಲ್ಕೂ ಕಂಪನಿಗಳಿಗೆ ಏಟು ಬಿತ್ತು. ದಶಕದ ಕೊನೆಗೆ ಮಹೀಂದ್ರದವರು ಆಲ್ವಿನ್ ನಿಸ್ಸಾನನ್ನು ತೆಗೆದುಕೊಂಡರು. ಆ ಜಾಗದಲ್ಲಿ ಮಹೀಂದ್ರದ ವಾಹನಗಳು ಬಂದವು, 2013ರಲ್ಲಿ ಟ್ರ್ಯಾಕ್ಟರ್ ಕಾರ್ಖಾನೆಯೂ ತೆರೆಯಿತು. ಯೆನ್ ಏರಿದ ವರ್ಷಗಳ ಕ್ಯಾಬ್‌ಸ್ಟಾರ್ ಚೀಟಿಗಳು ತೀರ ಗಿಡ್ಡ. ಬೇರಿಂಗಿನಲ್ಲಿ ಒಂದೆಡೆ ಮೇಲ್ಪದರ ಸವೆದು ತಾಮ್ರ ಕಂಡರೆ ಅದೊಂದೇ ಜೋಡಿ, ವಾಲ್ವ್ ಒಂದು ಸುಟ್ಟಿದ್ದರೆ ಅದೊಂದೇ. ಹೊಸ ವಿದ್ಯೆಯ ಎಂಜಿನ್ನಿಗೆ ಆಲ್ಬಿಯನ್ ಕಾಲದ ಜಿಪುಣತನ ಬೇಕಾಗಿ ಬಂತು. ಅಪ್ಪ ಕಲಿತ ವಿದ್ಯೆಗೆ ಆಗ ಮತ್ತೆ ಬೆಲೆ ಬಂದದ್ದನ್ನು ನೆನೆದರೆ ಇಂದಿಗೂ ಹೆಮ್ಮೆಯೆನಿಸುತ್ತದೆ.

2000ದ ಫೆಬ್ರುವರಿ 1ರಿಂದ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲ್ ಬಂತು. ಜನರ ಉಸಿರಿಗೆ ಅದರಿಂದ ಬಹಳ ಒಳ್ಳೆಯದಾಯಿತು. ಹಳೆಯ ಅಂಬಾಸಡರ್, ಫಿಯಟ್‌ಗಳ ವಾಲ್ವ್ ಕೂಡುವ ಸೀಟಿಗೆ ಮಾತ್ರ ಆ ಸೀಸವೇ ಮೆತ್ತೆಯಾಗಿತ್ತು. ಅದು ಹೋದ ಮೇಲೆ ಮೆದು ಸೀಟುಗಳು ಬಡಿತಕ್ಕೆ ತಗ್ಗು ಬೀಳತೊಡಗಿದವು, ಟ್ಯಾಪೆಟ್ ಸಂದಿ ಕಡಿಮೆಯಾಗಿ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋದವು. ಅಲ್ಲಿಯವರೆಗೆ ನಮ್ಮ ಚೀಟಿಗಳಲ್ಲಿ ಅಪರೂಪವಾಗಿದ್ದ ವಾಲ್ವ್ ಸೀಟ್ ರಿಂಗು ಆಗ ಪದೇ ಪದೇ ಬರತೊಡಗಿತು.

ಅಷ್ಟರಲ್ಲಿ ಮಾರುತಿ ಎಲ್ಲವನ್ನೂ ಬದಲಿಸಿಬಿಟ್ಟಿತ್ತು. 1983ರ ಡಿಸೆಂಬರಿನಲ್ಲಿ ಮೊದಲ ಕಾರು ಹೊರಬಿದ್ದ ಮಾರುತಿ 800ರ ಎಂಜಿನ್ 796 ಸಿಸಿ, ಮೂರು ಸಿಲಿಂಡರ್, 68.5 ಮಿಲಿಮೀಟರ್ ಬೋರು. ಓವರ್‌ಸೈಜ್ ಪಿಸ್ಟನ್ ಇಲ್ಲಿ ಎರಡೇ ಹೆಜ್ಜೆ: 0.25, 0.50. ನಲವತ್ತರವರೆಗಿನ ಉದ್ದ ಏಣಿ ಇಲ್ಲಿ ಮುಗಿಯಿತು. ಒಂದು ಪರೀಕ್ಷೆ ಮಾತ್ರ ಉಳಿಯಿತು, ಇವತ್ತಿಗೂ ಹುಡುಗರಿಗೆ ಕಲಿಸುತ್ತೇನೆ. ಪ್ಲಗ್ ತೆಗೆದು ಕಂಪ್ರೆಷನ್ ನೋಡು. ಒಂದು ಸಿಲಿಂಡರ್ ಕಡಿಮೆ ಬಂದರೆ ಪ್ಲಗ್ ತೂತಿನಿಂದ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡು. ಏರಿದರೆ ರಿಂಗ್ ದೋಷ, ಏರದಿದ್ದರೆ ವಾಲ್ವಿನದು. ವಾಲ್ವಿನದಾದರೆ ಹೆಡ್ ಮಾತ್ರ ಇಳಿಸು, ಕೆಳಗಿನದನ್ನು ಮುಟ್ಟಬೇಡ.

ಟೈಮಿಂಗ್ ಬೆಲ್ಟ್ ಬಂದ ಮೇಲೆ ಇನ್ನೊಂದು ಬಗೆಯ ಯೋಚನೆ ಶುರುವಾಯಿತು. 1998ರಲ್ಲಿ ಬಂದ, ಅಂಥ ಬೆಲ್ಟಿನ ಡೀಸೆಲ್ ಇಂಡಿಕಾ ನಮ್ಮ ಕಡೆ ಟ್ಯಾಕ್ಸಿಯಾಗಿ ಮನೆಮಾತಾಯಿತು. ರಬ್ಬರಿನ ಬೆಲ್ಟು ಸವೆದದ್ದು ಕಣ್ಣಿಗೆ ಕಾಣುವುದಿಲ್ಲ, ಉಗುರಿಗೆ ಸಿಗುವುದಿಲ್ಲ. ಹರಿದ ಕ್ಷಣಕ್ಕೆ ವಾಲ್ವು ಪಿಸ್ಟನ್ನಿಗೆ ಹೊಡೆದು ಹೆಡ್ಡೇ ಹಾಳು. ಅಳೆದು ಬಿಡುವ ನಮ್ಮ ವಿದ್ಯೆ ಇಲ್ಲಿ ನಡೆಯುವುದಿಲ್ಲ. ಕಿಲೋಮೀಟರ್ ಆದರೆ ಬದಲಿಸಲೇಬೇಕು, ಜೊತೆಗೆ ಟೆನ್ಷನರನ್ನೂ. ತಾನೊಂದೇ ಕೆಡುವ ಸಾಮಾನು ಯಾವುದು, ಕೆಡುವಾಗ ಹತ್ತನ್ನು ಕೆಡಿಸುವ ಸಾಮಾನು ಯಾವುದು ಎಂದು ವಿಂಗಡಿಸುವುದನ್ನು ನಮ್ಮ ಮೇಸ್ತ್ರಿಗಳಿಗೆ ಕಲಿಸಿದ್ದು ಈ ಬೆಲ್ಟು.

ಈಚಿನ ಒಂದು ಡಿಸೈರ್ ಟ್ಯಾಕ್ಸಿಯ ಸಂಗತಿ ವಿವರವಾಗಿ ಹೇಳಬೇಕು. 1248 ಸಿಸಿ ಡೀಸೆಲ್, ಬೀದರಿನ ಕೆಎ 38 ನಂಬರು, ನಮ್ಮ ದಾರಿಯಲ್ಲೇ ಶಂಷಾಬಾದ್ ವಿಮಾನ ನಿಲ್ದಾಣಕ್ಕೆ ಓಡುವುದು. ಮೀಟರ್ ಮೂರು ಲಕ್ಷ ದಾಟಿತ್ತು. ನೀಲಿ ಹೊಗೆ, ಎಣ್ಣೆ ತಿನ್ನುವುದು. ಮೇಸ್ತ್ರಿಯ ಚೀಟಿಯಲ್ಲಿ ಪಿಸ್ಟನ್, ರಿಂಗ್, ಬೇರಿಂಗ್, ಆಯಿಲ್ ಪಂಪ್, ಚೈನ್ ಕಿಟ್, ಟರ್ಬೊ, ಫುಲ್ ಗ್ಯಾಸ್ಕೆಟ್ ಸೆಟ್ ಎಲ್ಲ ಇದ್ದವು. ಎಂಜಿನ್ ಇನ್ನೂ ಬಿಚ್ಚಿರಲಿಲ್ಲ. ಮಾಲೀಕ ಹುಡುಗ, ಸಾಲದ ಕಂತು ಮುಗಿದು ಆರು ತಿಂಗಳಾಗಿರಲಿಲ್ಲ. ಅವನ ಜೊತೆ ಗ್ಯಾರೇಜಿಗೆ ಹೋದೆ.

ಎಂಜಿನ್ ಚಾಲೂ ಮಾಡಿಸಿ ಎಣ್ಣೆ ಹಾಕುವ ಮುಚ್ಚಳ ತೆಗೆದು ಅಂಗೈ ಇಟ್ಟೆವು. ಬ್ಯಾಕ್ ಕಂಪ್ರೆಷನ್ ಇದ್ದರೆ ಉಗಿಬಂಡಿಯಂತೆ ಹೊಗೆ ತಳ್ಳಬೇಕು. ಇಲ್ಲಿ ಅಷ್ಟೇನೂ ಇಲ್ಲ. ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ಹೋಸ್ ಬಿಚ್ಚಿದರೆ ಒಳಗೆ ಎಣ್ಣೆ ನಿಂತಿತ್ತು. ಟರ್ಬೊದ ಶಾಫ್ಟ್ ಹಿಡಿದು ಅಲುಗಿಸಿದರೆ ಬೆರಳಿಗೇ ಆಟ ಸಿಗುತ್ತದೆ, ಚಕ್ರದ ರೆಕ್ಕೆ ಗೂಡಿಗೆ ಉಜ್ಜಿದ ಗೆರೆ ಬಿದ್ದಿತ್ತು. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಹೆಚ್ಚುಕಡಿಮೆ ಸಮ. ಅಂದರೆ ಎಣ್ಣೆ ತಿನ್ನುತ್ತಿದ್ದದ್ದು ಟರ್ಬೊ. ಟರ್ಬೊ ಯಾಕೆ ಹೋಯಿತು? ಅದಕ್ಕೆ ಎಣ್ಣೆ ತರುವ ಸಣ್ಣ ಪೈಪು ಒಳಗೆ ಕಿಟ್ಟ ಕಟ್ಟಿ ಅರ್ಧ ಮುಚ್ಚಿತ್ತು. ಆ ಪೈಪು ಚೀಟಿಯಲ್ಲಿ ಇರಲೇ ಇಲ್ಲ. ಹೊಸ ಟರ್ಬೊ ಹಾಕಿ ಹಳೆ ಪೈಪು ಕೂಡಿಸಿದ್ದರೆ ಹೊಸದೂ ಹೋಗುತ್ತಿತ್ತು. ಸಂಪ್ ಇಳಿಸಿದೆವು, ತಳದಲ್ಲಿ ಕರಿ ಕೆಸರು. ಎಣ್ಣೆ ಬದಲಿಸುವುದನ್ನು ಮುಂದೂಡುತ್ತ ಬಂದದ್ದರ ಫಲ. ಒಂದು ಬೇರಿಂಗ್ ಕ್ಯಾಪ್ ತೆಗೆದು ನೋಡಿದರೆ ಬೂದುಬಣ್ಣ ಸಮನಾಗಿತ್ತು, ತಾಮ್ರ ಎಲ್ಲೂ ಕಂಡಿರಲಿಲ್ಲ. ಅದನ್ನೇ ವಾಪಸು ಕೂಡಿಸಿ, ಬೋಲ್ಟುಗಳನ್ನು ಮಾತ್ರ ಹೊಸದು ಹಾಕಿದೆವು.

ಟೈಮಿಂಗ್ ಚೈನ್ ಕಿಟ್ ಬದಲಿಸಿದೆವು. ಅಷ್ಟು ಓಡಿದ, ಕೆಸರೆಣ್ಣೆ ಕುಡಿದ ಚೈನು ಹರಿದರೆ ವಾಲ್ವು, ಪಿಸ್ಟನ್ ಎರಡನ್ನೂ ಒಯ್ಯುತ್ತದೆ. ಟರ್ಬೊದ ಒಳಗಿನ ಕೋರ್, ಎಣ್ಣೆ ಪೈಪು, ಫಿಲ್ಟರು, ಎಣ್ಣೆ ಹೊಸದು. ಇಂಟರ್‌ಕೂಲರ್ ಇಳಿಸಿ ಒಳಗಿನ ಎಣ್ಣೆ ಪೂರ್ತಿ ಬಸಿದು ತೊಳೆಸಿದೆವು. ತೊಳೆಯದಿದ್ದರೆ ಡೀಸೆಲ್ ಎಂಜಿನ್ ಆ ಎಣ್ಣೆಯನ್ನೇ ಸುಟ್ಟುಕೊಂಡು ಹಿಡಿತ ತಪ್ಪಿ ಓಡುತ್ತದೆ, ಚಾವಿ ತಿರುವಿದರೂ ನಿಲ್ಲುವುದಿಲ್ಲ. ಪಿಸ್ಟನ್, ರಿಂಗ್, ಬೇರಿಂಗ್, ಆಯಿಲ್ ಪಂಪ್ ಮುಟ್ಟಲಿಲ್ಲ. ಬಿಲ್ಲಿನ ಹಿಂಬದಿಯಲ್ಲಿ ಬಿಟ್ಟ ಸಾಮಾನುಗಳ ಹೆಸರು, ನಾಲ್ಕು ಸಿಲಿಂಡರಿನ ಕಂಪ್ರೆಷನ್ ಅಂಕಿ, ಮೀಟರ್ ಎಲ್ಲ ಬರೆದುಕೊಟ್ಟೆ. ಮುಂದೆ ಯಾವ ಊರಿನಲ್ಲಿ ಯಾರು ಬಿಚ್ಚಿದರೂ ಅವರಿಗೆ ಅದು ಬೇಕು. ನಮ್ಮ ಅಂಗಡಿಗೆ ಬರುವ ಎಲ್ಲ ಮೇಸ್ತ್ರಿಗಳಿಗೂ ಈಗ ಹೀಗೆಯೇ ಬರೆಯಿರಿ ಎನ್ನುತ್ತೇನೆ. ಆಸ್ಪತ್ರೆಯಲ್ಲಿ ರೋಗಿಯ ಹಿಂದಿನ ರಿಪೋರ್ಟು ಕೇಳುತ್ತಾರಲ್ಲ, ಹಾಗೆ ಇದನ್ನೂ ಕೇಳುವಂತಾಗಬೇಕು.

ಮೇಸ್ತ್ರಿಯ ಮೇಲೆ ನನಗೆ ಕೋಪವಿಲ್ಲ. ಅವನನ್ನು ಆ ಉದ್ದ ಚೀಟಿಗೆ ತಂದದ್ದು ಕಾಲ. ಅಳೆಯಲು ಅರ್ಧ ದಿನ ಬೇಕು, ಅದಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ಎಲ್ಲ ಬದಲಿಸಿದರೆ ಕಂಪನಿ ಕಿಟ್ಟಿನ ಮೇಲೆ ಭರವಸೆ ಹಾಕಿ ನಿಶ್ಚಿಂತನಾಗಬಹುದು. ಬಿಟ್ಟ ಸಾಮಾನು ನಾಳೆ ಕೆಟ್ಟರೆ ಬೈಗುಳ ಅವನಿಗೇ. ಗ್ರೈಂಡಿಂಗ್ ಮಿಷನ್ನಿನ ಮುಂದೆ ಕೂರುವ ಹುಡುಗರು ಕಡಿಮೆಯಾಗಿದ್ದಾರೆ. ಗುಜರಿಯಿಂದ ಇಡೀ ಎಂಜಿನ್ ತಂದು ಇಳಿಸಿಬಿಡುವುದು ಹೆಚ್ಚಾಗಿದೆ. ಆರ್‌ಸಿಯಲ್ಲಿ ಎಂಜಿನ್ ನಂಬರು ಬದಲಿಸಿಕೊಳ್ಳಬೇಕೆಂಬುದನ್ನು ಮರೆತು ಆಮೇಲೆ ಒದ್ದಾಡುತ್ತಾರೆ. ಅಳತೆಗೆ ಕೂಲಿ ಕೊಡುವ ಪದ್ಧತಿ ಬರದೆ ಇದು ಸರಿಹೋಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ನನ್ನ ಗಿರಾಕಿಗಳಿಗೆ ಸಾಮಾನಿನ ದುಡ್ಡಿಗಿಂತ ಮೊದಲು ಮೇಸ್ತ್ರಿಯ ತಪಾಸಣೆಯ ದುಡ್ಡು ಇಡಿ ಎಂದು ಹೇಳುತ್ತ ಬಂದಿದ್ದೇನೆ.

2022ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಅಂದಿನಿಂದ ಹಳೇ ಕಾರಿನ ಮಾಲೀಕ ಮೊದಲು ಕೇಳುವುದು ಎಂಜಿನ್ ಎಷ್ಟು ದಿನ ಬರುತ್ತದೆ ಎಂದಲ್ಲ, ಕಾಗದ ಎಷ್ಟು ದಿನ ಬರುತ್ತದೆ ಎಂದು. ಕಾಗದಕ್ಕೆ ಎರಡೇ ವರ್ಷ ಉಳಿದ ಗಾಡಿಗೆ ಫುಲ್ ಎಂಜಿನ್ ಮಾಡಿಸಬೇಡಿ, ರಿಂಗ್ ಹಾಕಿ ಓಡಿಸಿ ಎಂದು ಸ್ಪಷ್ಟವಾಗಿ ಹೇಳುತ್ತೇನೆ.

ಈಗ ಪಂಪುಗಳಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲ್ ಬರುತ್ತಿದೆ. ಕಬ್ಬು ಬೆಳೆಯುವ ನಮ್ಮ ಸೀಮೆಯ ರೈತನಿಗೆ ಒಳ್ಳೆಯ ಸುದ್ದಿ. ಸೀಸ ಹೋದಾಗ ಆದಂತೆ ಈ ಸಲವೂ ಹಳೇ ಗಾಡಿಗಳ ಚೀಟಿ ಬದಲಾಗುತ್ತಿದೆ. ಕಾರ್ಬ್ಯುರೇಟರ್ ಕಾಲದ ಮಾರುತಿ 800, ಓಮ್ನಿಗಳ ಪೆಟ್ರೋಲ್ ಪೈಪಿನ ರಬ್ಬರು, ಪಂಪಿನ ಡಯಾಫ್ರಾಮು ಎಥನಾಲಿಗೆ ಊದಿಕೊಂಡು ಬಿರಿಯುತ್ತವೆ, ಟ್ಯಾಂಕಿನ ಹಳೆಯ ಕೊಳೆ ಕರಗಿ ಜೆಟ್ಟಿಗೆ ಬಂದು ಕೂರುತ್ತದೆ. ಗಾಡಿ ಎಳೆಯುವುದಿಲ್ಲ, ನಡುವೆ ನಿಲ್ಲುತ್ತದೆ. ಎಂಜಿನ್ ಕೆಲಸಕ್ಕೆ ಬಂದಿದೆ ಎಂದು ರಿಂಗ್ ಸೆಟ್ಟಿನ ಚೀಟಿ ಹಿಡಿದು ಬರುತ್ತಾರೆ. ಪೈಪು, ಡಯಾಫ್ರಾಮು, ಫಿಲ್ಟರು ಮೊದಲು ಬದಲಿಸಿ, ಟ್ಯಾಂಕ್ ತೊಳೆಸಿ, ಒಂದು ವಾರ ಓಡಿಸಿ ಆಮೇಲೆ ಕಂಪ್ರೆಷನ್ ನೋಡಿಸಿ ಎಂದು ಹೇಳಿ ಆ ಚೀಟಿಯನ್ನು ಸದ್ಯಕ್ಕೆ ವಾಪಸು ಕಳಿಸುತ್ತಿದ್ದೇನೆ.